ಪದಚರ್ಚೆ: ನಗರಕ್ಕೆ ಸುಂಟರಗಾಳಿ ‘ಅಪ್ಪಳಿಸುತ್ತದೆ’ ಅನ್ನಬಹುದಾ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ದೊಡ್ಡ ನಗರಗಳಿಗೆ ಟಾರ್ನೇಡೊದಿಂದ ಇರುವ ಅಪಾಯದ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಹೆಸರು. ನಿಘಂಟಿನಲ್ಲಿ ಸುಂಟರಗಾಳಿ ಅಂತ ಇದೆ. ಆದರೆ ನಮ್ಮ ಕಡೆ ಮಳೆಗಾಲದ ಮುಂಚಿನ ಜೋರು ಗಾಳಿಗೆ ನಾಲ್ಕು ಅಡಿಕೆ ಮರ ಬಿದ್ದು ಮನೆಯ ಶೀಟು ಹಾರಿದರೂ ಪೇಪರಿನಲ್ಲಿ ಸುಂಟರಗಾಳಿ ಅಂತಲೇ ಬರುತ್ತದೆ. ಚಂಡಮಾರುತ ಅಂದರೆ ಇನ್ನೂ ಗೊಂದಲ. 2021ರ ಮೇ ತಿಂಗಳ ತೌಕ್ತೆ ನೆನಪಿದೆ ಅಲ್ವಾ? ಅದು ಸಮುದ್ರದಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಇದ್ದ ಗಾಳಿ, ಹಾಗಾಗಿ ಮೀನುಗಾರರಿಗೆ ಮುಂಚೆಯೇ ಎಚ್ಚರಿಕೆ ಕೊಡಲು ಆಯಿತು. ಟಾರ್ನೇಡೊ ಗುಡುಗಿನ ಮೋಡದ ಬುಡದಿಂದ ನೆಲ ಮುಟ್ಟುವ ಗಾಳಿಯ ಸುಳಿ. ಅಗಲ ಹೆಚ್ಚಾಗಿ ಕೆಲವು ನೂರು ಮೀಟರ್ ಒಳಗೇ. ಹೆಚ್ಚಿನವು ಹತ್ತು ನಿಮಿಷವೂ ಉಳಿಯುವುದಿಲ್ಲ.

ಎರಡನೆಯದು ‘ಅಪ್ಪಳಿಸು’. ನನಗೆ ಜಾಸ್ತಿ ತೊಂದರೆ ಕೊಡುತ್ತಿರುವುದು ಇದೇ. ಕರಾವಳಿಯವರಿಗೆ ಅಪ್ಪಳಿಸುವುದು ಅಂದರೆ ಸಮುದ್ರದಿಂದ ಬಂದು ದಡಕ್ಕೆ ಹೊಡೆಯುವುದು. ಟಾರ್ನೇಡೊ ಹೊರಗಿನಿಂದಲೇ ಬರಬೇಕೆಂದಿಲ್ಲ, ನಗರದ ಮೇಲಿರುವ ಮೋಡದಿಂದಲೇ ಇಳಿಯಬಹುದು. ಎತ್ತರದ ಕಟ್ಟಡಗಳು ಅದನ್ನು ತಡೆಯುತ್ತವೆ ಅಂತ ತುಂಬಾ ಜನ ನಂಬಿದ್ದಾರೆ, ‘ಅಪ್ಪಳಿಸು’ ಅಂದರೆ ಗೋಡೆಗೆ ಅಲೆ ಹೊಡೆದು ನಿಂತಂತೆ ಕೇಳಿ ಆ ನಂಬಿಕೆಗೇ ಬಲ ಕೊಟ್ಟ ಹಾಗೆ ಆಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಸಾಲ್ಟ್ ಲೇಕ್ ಸಿಟಿ, 2000ದಲ್ಲಿ ಫೋರ್ಟ್ ವರ್ತ್, 2008ರಲ್ಲಿ ಅಟ್ಲಾಂಟಾ, ಮೂರರಲ್ಲೂ ಅದು ಹಾದುಹೋದದ್ದು ಎತ್ತರದ ಕಟ್ಟಡಗಳಿರುವ ನಗರದ ನಡುವೆಯೇ. 1896ರಲ್ಲಿ ಸೇಂಟ್ ಲೂಯಿಸ್ ಮತ್ತು ನದಿಯಾಚೆಯ ಈಸ್ಟ್ ಸೇಂಟ್ ಲೂಯಿಸ್ ಸೇರಿ 250ಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೆಹಲಿಯಲ್ಲೂ 1978ರ ಮಾರ್ಚ್‌ನಲ್ಲಿ ಟಾರ್ನೇಡೊ ಬಂದು ಜೀವ ತೆಗೆದಿತ್ತು. ನಗರಗಳು ಬಚಾವಾಗುವುದು ಕಟ್ಟಡಗಳಿಂದ ಅಲ್ಲ, ಬಯಲು ಮತ್ತು ಹೊಲಗಳ ಮುಂದೆ ಅವುಗಳ ಜಾಗ ತೀರಾ ಚಿಕ್ಕದು, ಅಷ್ಟೇ. ನಗರ ಬೆಳೆದಷ್ಟೂ ಗಾಳಿಯ ದಾರಿಗೆ ಸಿಗುವ ಮನೆಗಳು ಜಾಸ್ತಿ.

ಸದ್ಯಕ್ಕೆ ‘ಟಾರ್ನೇಡೊ’ ಅಂತಲೇ ಬರೆದು, ಮೊದಲ ಸಲ ಮಾತ್ರ ‘ಮೋಡದಿಂದ ಇಳಿಯುವ ಸುಂಟರಗಾಳಿ’ ಅಂತ ವಿವರಿಸಿದ್ದೇನೆ. ಅಪ್ಪಳಿಸು ಬಿಟ್ಟು ‘ನಗರದೊಳಗೆ ಹಾದುಹೋಗು’ ಅಂತ ಹಾಕಿದ್ದೇನೆ, ಆದರೆ ಅದರಲ್ಲಿ ಹಾನಿಯ ಭಾವ ಸಾಲುವುದಿಲ್ಲ. ‘ಸೀಳಿಕೊಂಡು ಹೋಗು’ ಸರಿಯಾದೀತಾ? ಸುಳಿಗಾಳಿ ಅಂದರೆ ನಿಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಧೂಳೆಬ್ಬಿಸಿ ತಿರುಗುವ ಚಿಕ್ಕ ಗಾಳಿಯಾ, ದೊಡ್ಡದಕ್ಕೂ ಹೇಳುತ್ತಾರಾ? ಸಮುದ್ರದ ಮೇಲೆ ಮೋಡದಿಂದ ನೀರಿಗೆ ಇಳಿಯುವ ಸುಳಿಗೆ ಮಲ್ಪೆ, ಗಂಗೊಳ್ಳಿಯ ಮೀನುಗಾರರು ಏನಂತಾರೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ತುಳು, ಕೊಂಕಣಿ ಪದವಾದರೂ ಆಗುತ್ತದೆ.