ಕೊಲೆಸ್ಟ್ರಾಲ್ ಗುಳಿಗಿಯಿಂದ ಕೈ ನಡುಕ ಬರ್ತೈತೇನ್ರಿ?

ಟಿಳಕವಾಡಿ ಮಗಳು: ಅಪ್ಪಾರಿಗೆ 64. ಹೋದ ವರ್ಷ ಸ್ಟೆಂಟ್ ಹಾಕ್ಯಾರ, ಅಟೊರ್ವಾಸ್ಟಾಟಿನ್ 40 ನಡದೈತಿ. ಈಗ ಬಲಗೈ ನಡಗಾಕತ್ತೈತಿ. ಈ ಗುಳಿಗಿಯಿಂದ ಪಾರ್ಕಿನ್‌ಸನ್ (ಮಿದುಳಿನ ನಡುಕದ ಜಡ್ಡು) ಬರ್ತೈತಿ ಅಂತ ವಾಟ್ಸಾಪಿನ್ಯಾಗ ಓದಿ, ನಾಕು ದಿನದಿಂದ ಮುಟ್ಟವಲ್ರು. ಅನುಭವ ಇದ್ದವರು ಹೇಳ್ರಿ.

ರಾಮದುರ್ಗದಾಂವ: ನಮ್ಮ ಕಾಕಾನ ಗುಳಿಗಿ ನಾನ ಬಿಡಿಸಿದ್ದೆ, ಹಿಂಗ ನಡುಕ ನೋಡಿ ಹೆದರಿ. ಐದು ತಿಂಗಳಿಗೆ ಒಂದಿನ ನಸಿಕಿನ್ಯಾಗ ಎದಿ ಹಿಡಕೊಂಡು ಕುಂತ್ರು. ಗಾಡಿ ಬಾಡಿಗಿ 2,800, ದವಾಖಾನಿ ಬಿಲ್ಲು 1,74,000, ಹೊರಗಿನ ಔಷಧಕ್ಕ 11,300. ಎರಡು ಎಮ್ಮಿ ಮಾರಿದ್ವಿ. ಕಾಕೂನ ಬೋರಮಾಳ ಇನ್ನೂ ಸೊಸೈಟಿಯೊಳಗ ಐತಿ. ನಡುಕ ನಿಂತಿತೇನು? ಇಲ್ಲ. ನರದ ಡಾಕ್ಟರು ಕೇಳಿದ್ದ ಬ್ಯಾರೆ: ವಾಸನಿ ತಿಳಿತೈತೋ, ಮಲಬದ್ಧತೆ ಎಷ್ಟು ವರ್ಷದ್ದು, ನಿದ್ದಿಯೊಳಗ ಒದರ್ತಾರೇನು ಅಂತ. ಇವು ಪಾರ್ಕಿನ್‌ಸನ್ನಿನ ಮುಂಚಿನ ಲಕ್ಷಣ ಅಂತ. ಎಲ್ಲಾ ಇತ್ತು, ಗುಳಿಗಿ ಚಾಲೂ ಆಗೂಕಿಂತ ಆರು ವರ್ಷ ಮೊದಲ. ಒಗ್ಗರಣಿ ಹೊತ್ತಿದ್ರೂ ಕಾಕಾಗ ತಿಳೀತಿರಲಿಲ್ಲ.

ಇಳಕಲ್ಲ ವೈನಿ: ಎಲ್ಲಾರಿಗೂ ಹಂಗ ಅಲ್ರಿ. 2017ರಾಗ ಅಮೆರಿಕದ ಅಧ್ಯಯನ ಬಂದೈತಿ. ಸ್ಟಾಟಿನ್ ಅಂದ್ರ ಇಂಥಾ ಕೊಲೆಸ್ಟ್ರಾಲ್ ಗುಳಿಗಿ ತಗೊಂಡವರೊಳಗ ಪಾರ್ಕಿನ್‌ಸನ್ ಹೆಚ್ಚ ಕಂಡೈತಿ. ಕೊಬ್ಬಿನ್ಯಾಗ ಕರಗೂ ಜಾತಿಯೊಳಗ ಇನ್ನೂ ಹೆಚ್ಚು. ಅಟೊರ್ವಾ ಅದ ಜಾತಿ. ನಾ ಡಾಕ್ಟರ ಜೋಡಿ ಜಗಳಾಡಿ ನಮ್ಮನಿಯವರಿಗೆ ರೊಸುವಾಸ್ಟಾಟಿನ್ ಮಾಡಿಸಿದೆ, ಅದು ನೀರಿನ್ಯಾಗ ಕರಗೂದು. ಮೊದಲಿನ ಗುಳಿಗಿಯಾಗ ಇದ್ದ ತೊಡಿನೋವು ಹದಿನೈದು ದಿನಕ್ಕ ಹೋತು. ಮೂರು ಸಲ ಸಿಪಿಕೆ (ಸ್ನಾಯುವಿಗೆ ಪೆಟ್ಟಾಗೈತೇನು ಅಂತ ನೋಡೂ ರಕ್ತ) ತಪಾಸಣಿ, ಸಲಕ್ಕ 480. ಬಾಗಲಕೋಟಿ ಬಸ್ಸು ಬ್ಯಾರೆ. ಖರ್ಚಾದ್ರೂ ನಾ ಮಾಡಿದ್ದ ಸರಿ.

ವಿಜಯಪುರದ ಮಾಸ್ತರ: ವೈನಿಯವರ, ಅದು ಇನ್ಶೂರೆನ್ಸ್ ದಾಖಲಿ ಮ್ಯಾಲ ಮಾಡಿದ್ದು. ಹೆಚ್ಚಳ ಎದ್ದು ಕಂಡಿದ್ದು ಗುಳಿಗಿ ತಗೊಂಡ ಮೊದಲ ಎರಡೂವರೆ ವರ್ಷದಾಗ. ಪಾರ್ಕಿನ್‌ಸನ್ ಅದಕ್ಕಿಂತ ಎಷ್ಟೋ ಮೊದಲ ಮಿದುಳಿನ್ಯಾಗ ಹೊಕ್ಕು ಕುಂತಿರತದ. ಸ್ಟಾಟಿನ್ ಕಾಪಾಡತದ ಅನ್ನೋ ಅಧ್ಯಯನನೂ ಅವ. ಅದನ್ನ ನಂಬಿ ಕೆಟ್ಟಾಂವ ನಾ. ನನಗ ಪಾರ್ಕಿನ್‌ಸನ್ ಬಂದ ಮ್ಯಾಲ ಡಾಕ್ಟರಿಗೆ ದುಂಬಾಲು ಬಿದ್ದು ಸಿಮ್ವಾಸ್ಟಾಟಿನ್ ಬರಸ್ಕೊಂಡೆ. ಹದಿನಾಲ್ಕು ತಿಂಗಳು ನುಂಗಿದೆ. ಗೋಳಗುಮ್ಮಟ ಹತ್ತತಿದ್ದಾಂವ ಮನಿ ಕಟ್ಟಿ ಹತ್ತಲಾರದಂಗ ಕಾಲು ಹಿಡದ್ವು. ಆಮ್ಯಾಲ 2022ರಾಗ ಬ್ರಿಟನ್ನಿನ ಪ್ರಯೋಗದ ಫಲಿತಾಂಶ ಬಂತು: 235 ರೋಗಿಗಳು, ಸಿಮ್ವಾಸ್ಟಾಟಿನ್‌ನಿಂದ ರೋಗದ ಓಟ ತಗ್ಗಲಿಲ್ಲ.

ಬೀಳಗಿ ರೈತ: ಇವೆಲ್ಲಾ ಬಿಡ್ರಿ. ನಮ್ಮವ್ವಗ ನಸಗುನ್ನಿ ಬೀಜದ ಪುಡಿ ಹಾಲಿನ್ಯಾಗ ಕೊಟ್ವಿ. ಈಗ ತಾನ ರೊಟ್ಟಿ ಬಡ್ಯಾಕತ್ತಾಳ.

ವಿಜಯಪುರದ ಮಾಸ್ತರ: ನಸಗುನ್ನಿಯೊಳಗ ಇರೋದೂ ಪಾರ್ಕಿನ್‌ಸನ್ನಿಗೆ ಡಾಕ್ಟರು ಕೊಡೋ ಲೆವೊಡೋಪಾನ, ತಮ್ಮಾ. ಸಿಂಡೋಪಾ (ಲೆವೊಡೋಪಾ ಇರೋ ಗುಳಿಗಿ) ಜೋಡಿ ಅದನ್ನೂ ತಿಂದು ನನ್ನ ಗೆಳ್ಯಾನ ಕುತ್ತಿಗಿ ತನ್ನಷ್ಟಕ್ಕ ಹೊರಳಾಡತಿತ್ತು. ಪುಡಿ ಎಷ್ಟು ಕೊಟ್ಟಿ ಅಂತ ತೂಗಿ ನೋಡಿದ್ಯಾ?

ಬೀಳಗಿ ರೈತ: ಸಾಲ್ಯಾಗಿನಂಗ ಗದ್ದರಸಬ್ಯಾಡ್ರಿ. ನಮ್ಮವ್ವ ಹೊಲಕ್ಕ ಹೋಗಿ ಬರ್ತಾಳ, ನಿಮಗ ಕಟ್ಟಿ ಹತ್ತಾಕ ಆಗವಲ್ದು.

ಇಳಕಲ್ಲ ವೈನಿ: ಜಡ್ಡಾದ ಹಿರ್‍ಯಾರಿಗೆ ಹಿಂಗ ಅಂತಾರೇನು? ಮಾಸ್ತರ ಮಾತು ನನಗೂ ಒಪ್ಪಿಗಿಲ್ಲ, ಆದ್ರ ನೀವು ತಪ್ಪಾತು ಅನ್ರಿ.

ಬೀಳಗಿ ರೈತ: ಅನ್ನಂಗಿಲ್ಲ. ತೂಗಿದ್ಯಾ ಅಂತ ಮೊದಲ ಕೇಳಿದವರು ಅವರು.

ರಾಮದುರ್ಗದಾಂವ: ತಂಗಿ, ಅಪ್ಪಾರ ಕೈ ತೊಡಿ ಮ್ಯಾಲ ಇಟ್ಕೊಂಡು ಕುಂತಾಗ ನಡಗತೈತೋ, ಚಾ ಕಪ್ಪು ಹಿಡದಾಗೋ? ಅದನ್ನ ನರದ ಡಾಕ್ಟರಿಗೆ ಹೇಳ್ರಿ. ಅದಕ್ಕಿಂತ ಮೊದಲ, ಇವತ್ತ, ಎದಿ ಡಾಕ್ಟರಿಗೆ ಫೋನ್ ಹಚ್ರಿ. ಸ್ಟೆಂಟ್ ಐತಿ. ನಮ್ಮ ಕಾಕಾನಂಗ ಆಗೂದು ಬ್ಯಾಡ.

ಟಿಳಕವಾಡಿ ಮಗಳು: ಕುಂತಾಗ ರೀ ಅಣ್ಣಾ. ಕಪ್ಪು ಹಿಡದ್ರ ನಿಲ್ಲತೈತಿ. ಫೋನ್ ಹಚ್ಚೀನಿ, ಇನ್ನೂ ಎತ್ತಿಲ್ಲ.