ಮೇಲುಕೋಟೆ ಬೆಟ್ಟದಲ್ಲಿ ಆಟೋಮ್ಯಾಟಿಕ್ ಪಿಕಪ್ ಎಳೆಯುತ್ತಿಲ್ಲ, ತಲೆ ಕೆಟ್ಟಿದೆ

ಶಾಮಿಯಾನ_ಮಂಡ್ಯ: ಡಬಲ್ ಕ್ಯಾಬ್ ಡೀಸೆಲ್ ಪಿಕಪ್, 6 ಗೇರಿನ ಆಟೋಮ್ಯಾಟಿಕ್. ಜಕ್ಕನಹಳ್ಳಿ ದಾಟಿ ಬೆಟ್ಟ ಹತ್ತುವಾಗ ಇಂಜಿನ್ ಕೂಗಿಕೊಳ್ಳುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. 3ಕ್ಕೆ ಬೀಳುತ್ತದೆ, 4ಕ್ಕೆ ಹೋಗುತ್ತದೆ, ತಿರುಗಿ 3. ಕೊನೆಗೆ ಗೇರ್‌ಬಾಕ್ಸ್ ಬಿಸಿ ಅಂತ ಲೈಟ್ ಬಂತು. ಸರ್ವೀಸ್‌ನವರು ಗೇರ್‌ಬಾಕ್ಸೇ ಬದಲಾಯಿಸಬೇಕು ಅಂದರು. ರೇಟ್ ಕೇಳಿ ಅಲ್ಲೇ ಕೂತುಬಿಟ್ಟೆ. ಓಡಿರುವುದು 78 ಸಾವಿರ. ಬೇಗ ಹೇಳಿ, ಭಾನುವಾರ ಇನ್ನೊಂದು ಮದುವೆ ಇದೆ.

ಕ್ಲಚ್_ಕಾಲು: ಅಣ್ಣಾ, ಹಳ್ಳಿ ಕಡೆ ಆಟೋಮ್ಯಾಟಿಕ್ ಯಾಕೆ ಬೇಕಿತ್ತು? ಮ್ಯಾನ್ಯುಯಲ್ ಆಗಿದ್ದರೆ ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಸಂಜೆಗೆ ಮನೆ ಸೇರುತ್ತಿದ್ದಿರಿ.

ಬನ್ನಿಮಂಟಪ_ಸ್ಪ್ಯಾನರ್: ಆಯಿಲ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಆಯಿಲ್. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದು?

ಶಾಮಿಯಾನ_ಮಂಡ್ಯ: ಬದಲಾಯಿಸಿಲ್ಲ. ಲೈಫ್‌ಟೈಮ್ ಆಯಿಲ್ ಅಂದಿದ್ದರು.

ಬನ್ನಿಮಂಟಪ_ಸ್ಪ್ಯಾನರ್: ಯಾರ ಲೈಫ್ ಟೈಮು, ನಿಮ್ಮದಾ ಆಯಿಲ್‌ದಾ? ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ, ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಇಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಒಳಗೆ ತುಂಬಾ ಉಳಿದುಕೊಳ್ಳುತ್ತದೆ. ಒಂದು ಸಲ ಇಳಿಸಿ ತುಂಬಿಸಿ, ಸ್ವಲ್ಪ ದಿನ ಓಡಿಸಿ, ಮತ್ತೆ ಇಳಿಸಿ ತುಂಬಿಸಿ. ಮೆಷಿನ್ ಹಾಕಿ ಫ್ಲಶ್ ಹೊಡೆಸಬೇಡಿ.

ಟಾಪ್‌ಗೇರ್_ತಮ್ಮ: ಫ್ಲಶ್ ಹೊಡೆಸಿದರೆ ಏನಾಗುತ್ತೆ ಸ್ವಾಮಿ? ನಾನು ಎರಡು ಗಾಡಿಗೆ ಹೊಡೆಸಿದ್ದೇನೆ. ಇನ್ನು ಆಟೋಮ್ಯಾಟಿಕ್ ಮೆತ್ತಗೆ ಅನ್ನುವವರಿಗೆ ಒಂದು ಮಾತು. ಇಲ್ಲಿ ಬಂದ ಟೊಯೋಟಾ ಹೈಲಕ್ಸ್ ಪಿಕಪ್‌ನಲ್ಲಿ ಮ್ಯಾನ್ಯುಯಲ್‌ಗೆ 420 ಎನ್‌ಎಂ ಟಾರ್ಕ್ (ಎಳೆಯುವ ಬಲ), ಆಟೋಮ್ಯಾಟಿಕ್‌ಗೆ 500. ಇಂಜಿನ್ ಒಂದೇ. ಜಾಸ್ತಿ ಕೊಟ್ಟಿದ್ದು ಯಾವುದಕ್ಕೆ? ನನ್ನ ಅಣ್ಣ ಟೆಕ್ಸಾಸ್‌ನಲ್ಲಿದ್ದಾನೆ, ಅವನ ಫೋರ್ಡ್ ಎಫ್-150 ಪಿಕಪ್‌ಗೆ 10 ಗೇರು. ಫೋರ್ಡ್, ಜಿಎಂ ಇಬ್ಬರೂ ಸೇರಿ ಮಾಡಿದ ಬಾಕ್ಸ್. ದೋಣಿ ಎಳೆಯುತ್ತಾನೆ, ಒಂದು ಕೈಯಲ್ಲಿ ಕಾಫಿ.

ಕ್ಲಚ್_ಕಾಲು: ಟೆಕ್ಸಾಸ್‌ನಲ್ಲಿ ನಮ್ಮ ಮಂಡ್ಯದ ವಿ.ಸಿ. ನಾಲೆ ಏರಿ ಇದೆಯಾ, ಕೇಳಿ ಹೇಳಿ.

ಹೆಬ್ಬಾಳ_ರಾತ್ರಿಪಾಳಿ: ಶಾಮಿಯಾನದವರೇ, ನೀವು ಗಾಡಿ ಖಾಲಿ ಇತ್ತಾ, ಲೋಡ್ ಇತ್ತಾ ಹೇಳಲೇ ಇಲ್ಲ.

ಶಾಮಿಯಾನ_ಮಂಡ್ಯ: ಖಾಲಿಯೇ ಸಾರ್. ಹಿಂದುಗಡೆ ಜನರೇಟರ್ ಟ್ರೈಲರ್ ಇತ್ತು ಅಷ್ಟೇ.

ಹೆಬ್ಬಾಳ_ರಾತ್ರಿಪಾಳಿ: ಅಷ್ಟೇನಾ! ಎಷ್ಟು ತೂಕ?

ಶಾಮಿಯಾನ_ಮಂಡ್ಯ: ಒಂದೂವರೆ ಟನ್ ಇರಬಹುದು. ಮೂರು ವರ್ಷದಿಂದ ಎಳೆಯುತ್ತಿದ್ದೇನೆ, ಏನೂ ಆಗಿರಲಿಲ್ಲ. ಈಗ ಮಾತ್ರ ಯಾಕೆ?

ಬನ್ನಿಮಂಟಪ_ಸ್ಪ್ಯಾನರ್: ಆಯಿಲ್ ಸತ್ತಿದೆ, ಅದಕ್ಕೆ. ಎಷ್ಟು ಸಲ ಹೇಳಲಿ?

ಹೆಬ್ಬಾಳ_ರಾತ್ರಿಪಾಳಿ: ಸ್ವಲ್ಪ ತಡೆಯಿರಿ. ಭಾರ ಎಳೆದುಕೊಂಡು ನಿಧಾನಕ್ಕೆ ಹತ್ತುವಾಗ ಕನ್ವರ್ಟರ್ ಲಾಕ್ ಆಗುವುದಿಲ್ಲ, ಅಂದರೆ ಇಂಜಿನ್ನೂ ಗೇರ್‌ಬಾಕ್ಸೂ ನೇರ ಕಚ್ಚಿಕೊಳ್ಳುವುದಿಲ್ಲ. ಒಳಗೆ ಆಯಿಲ್ ಕಡೆದುಕೊಂಡು ಕಾಯುತ್ತದೆ. ಡಿ ಬಿಟ್ಟು ಮ್ಯಾನ್ಯುಯಲ್ ಮೋಡ್‌ಗೆ ಹಾಕಿ 2ರಲ್ಲೋ 3ರಲ್ಲೋ ಹಿಡಿದು ಹತ್ತಿಸಿ, ಆ ಮೂರು ನಾಲ್ಕರ ಆಟ ನಿಲ್ಲುತ್ತದೆ. ಆದರೆ ಮೂರು ವರ್ಷ ಇಲ್ಲದ್ದು ಈಗ ಬಂದಿದೆ ಅಂದರೆ ಆಯಿಲ್ ತಣ್ಣಗಾಗುತ್ತಿಲ್ಲ ಅಂತ ಅನುಮಾನ. ಗಾಡಿ ಮುಂಭಾಗದ ಫೋಟೋ ಹಾಕಿ.

ಶಾಮಿಯಾನ_ಮಂಡ್ಯ: ಹಾಕಿದ್ದೇನೆ. ಬಂಪರ್ ಹೋದ ತಿಂಗಳು ಮಾಡಿಸಿದ್ದು, ಹೇಗಿದೆ?

ಹೆಬ್ಬಾಳ_ರಾತ್ರಿಪಾಳಿ: ಅಯ್ಯೋ! ಇಷ್ಟಗಲ ಕಬ್ಬಿಣದ ಪ್ಲೇಟ್, ಅದರ ಮೇಲೆ ನಾಲ್ಕು ಲೈಟು, ನಂಬರ್ ಪ್ಲೇಟು. ಗಾಳಿ ಎಲ್ಲಿಂದ ಹೋಗಬೇಕು? ಗ್ರಿಲ್ ಸಂದಿಯಲ್ಲಿ ಕಬ್ಬಿನ ತರಗು ಬೇರೆ ಇಣುಕುತ್ತಿದೆ. ಆಯಿಲ್ ಕೂಲರ್ ಇರುವುದು ಅಲ್ಲೇ ಹಿಂದೆ. ಟಾರ್ಚ್ ಬಿಟ್ಟು ನೋಡಿ.

ಟಾಪ್‌ಗೇರ್_ತಮ್ಮ: ಬಂಪರ್ ಸೂಪರ್ ಗುರು! ಎಲ್ಲಿ ಮಾಡಿಸಿದ್ದು?

ಕ್ಲಚ್_ಕಾಲು: ಇದಕ್ಕೆ ದಂಡ ಬೀಳುತ್ತದೆ. 2017ರ ಡಿಸೆಂಬರಿನಲ್ಲೇ ಇಂಥ ಬಂಪರ್ ಹಾಕಬಾರದು ಅಂತ ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಬಂದಿದೆ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52.

ಟಾಪ್‌ಗೇರ್_ತಮ್ಮ: ಹಂದಿ ಅಡ್ಡ ಬಂದಾಗ ಸೆಕ್ಷನ್ 52 ತೋರಿಸಿ.

ಕ್ಲಚ್_ಕಾಲು: ಈ ಬಂಪರ್‌ನಿಂದಾಗಿ ಏಟು ಬಿದ್ದಾಗ ಏರ್‌ಬ್ಯಾಗ್ ಬಿಚ್ಚದಿದ್ದರೆ ಆಗ ಗೊತ್ತಾಗುತ್ತದೆ.

*(ಏರ್‌ಬ್ಯಾಗ್ ಮೇಲಿನ 14 ಉತ್ತರಗಳನ್ನು ಬೇರೆ ಚರ್ಚೆಗೆ ಹಾಕಿದ್ದೇನೆ. ಅಲ್ಲಿ ಹೋಗಿ ಜಗಳ ಆಡಿ. - ಅಡ್ಮಿನ್)*

ಶಾಮಿಯಾನ_ಮಂಡ್ಯ: ಬಂಪರ್ ಬಿಚ್ಚಿದೆ. ಕೂಲರ್ ಕಾಣುತ್ತಲೇ ಇರಲಿಲ್ಲ. ತರಗು, ಗದ್ದೆ ಮಣ್ಣು, ಎರಡೂ ಸೇರಿ ಬೆರಣಿ ತಟ್ಟಿದ ಹಾಗೆ ಒಣಗಿ ಕೂತಿತ್ತು. ಪ್ರೆಷರ್ ಹೊಡೆದರೆ ರೆಕ್ಕೆ ಮಡಚಿಕೊಳ್ಳುತ್ತವೆ ಅಂತ ಹುಡುಗ ಹೇಳಿದ. ಪೈಪಿನ ನೀರಿನಲ್ಲಿ ನೆನೆಸಿ, ಹಳೇ ಪೇಂಟ್ ಬ್ರಷ್‌ನಲ್ಲಿ ಒಂದು ಗಂಟೆ ಉಜ್ಜಿದೆವು. ಭಾವಮೈದನ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಓದಿ ಫೋನಿನಲ್ಲಿ ತೋರಿಸುವ ಸಾಧನ) ಚುಚ್ಚಿ ಅದೇ ಬೆಟ್ಟ, ಅದೇ ಜನರೇಟರ್, 3ರಲ್ಲಿ ಹಿಡಿದು ಹತ್ತಿಸಿದೆ. ಆಯಿಲ್ 104 ಡಿಗ್ರಿ ದಾಟಲಿಲ್ಲ. ಲೈಟ್ ಬರಲಿಲ್ಲ. ಆದರೆ ಸಮತಟ್ಟು ರಸ್ತೆಯಲ್ಲಿ 60ರ ಹತ್ತಿರ ರಂಬಲ್ ಪಟ್ಟಿ ಮೇಲೆ ಹೋದ ಹಾಗೆ ಸಣ್ಣಗೆ ನಡುಗುತ್ತದೆ.

ಹೆಬ್ಬಾಳ_ರಾತ್ರಿಪಾಳಿ: ಖಾಲಿ ರಸ್ತೆಯಲ್ಲಿ ನಡುಕ ಬಂದಾಗ ಆಕ್ಸಿಲರೇಟರ್ ಬಿಡದೆ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿ. ಬ್ರೇಕ್ ಮುಟ್ಟಿದರೆ ಕನ್ವರ್ಟರ್ ಲಾಕ್ ಬಿಡುತ್ತದೆ, ಆಗ ನಡುಕ ಹೋದರೆ ತೊಂದರೆ ಇರುವುದು ಲಾಕ್ ಮಾಡುವ ಲಾಕಪ್ ಕ್ಲಚ್‌ನಲ್ಲಿ. ಆಯಿಲ್ ಸುಟ್ಟಿದ್ದರೂ ಹೀಗೇ ಆಗುತ್ತದೆ. ಬಾಕ್ಸ್ ಬದಲಾಯಿಸುವ ಮೊದಲು ಆಯಿಲ್ ಬದಲಾಯಿಸಿ ನೋಡಿ.

ಬನ್ನಿಮಂಟಪ_ಸ್ಪ್ಯಾನರ್: ನಾನು ಮೊದಲನೇ ದಿನವೇ ಏನು ಹೇಳಿದ್ದೆ?

ಶಾಮಿಯಾನ_ಮಂಡ್ಯ: ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ ಸಾರ್. ಶನಿವಾರ ಆಯಿಲ್ ಹಾಕಿಸುತ್ತೇನೆ, ಬಂದು ಹೇಳುತ್ತೇನೆ.

ಮಳವಳ್ಳಿ_4x4 (ಎರಡು ತಿಂಗಳ ನಂತರ): ನಂದೂ ಇದೇ ನಡುಕ. ಆಯಿಲ್ ಹಾಕಿಸಿದ ಮೇಲೆ ಸರಿಹೋಯ್ತಾ ಅಣ್ಣಾ?