ಯಾಕೋಬ ಏಸಾವರ ಕಥೆ ನಮ್ಮೊಳಗೇ ನಡೆಯುವುದಾ?

ಪ್ರಶ್ನೆ:
ಈಚೆಗೆ ನೆವಿಲ್ ಗೊಡಾರ್ಡ್ ಅವರ ಉಪನ್ಯಾಸಗಳನ್ನು ಕೇಳುತ್ತಿದ್ದೇನೆ. 1905ರಲ್ಲಿ ಬಾರ್ಬಡೋಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಬೈಬಲ್ ಅಂದರೆ ಹಳೇ ಕಾಲದ ಇತಿಹಾಸವಲ್ಲ, ನಮ್ಮ ಮನಸ್ಸಿನಲ್ಲಿ ನಡೆಯುವ ನಾಟಕ ಅನ್ನುತ್ತಾರೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 27ನೇ ಅಧ್ಯಾಯವನ್ನೇ ನೋಡಿ. ಮೈತುಂಬ ಕೂದಲಿರುವ ಅಣ್ಣ ಏಸಾವನಿಗೆ ಸಿಗಬೇಕಾದ ಅಪ್ಪನ ಆಶೀರ್ವಾದವನ್ನು ತಮ್ಮ ಯಾಕೋಬ ಅಣ್ಣನ ವೇಷದಲ್ಲಿ ಮೋಸದಿಂದ ಪಡೆಯುವ ಕಥೆ ಅದು. ಕಣ್ಣು ಕಾಣದ ಇಸಾಕ ನಮ್ಮ ಪ್ರಜ್ಞೆ. ಏಸಾವ ಈಗ ಎದುರಿಗಿರುವ ಲೋಕ. ಯಾಕೋಬ ನಮ್ಮ ಆಸೆ. ಅವನು ಆಡಿನ ಮರಿಯ ಚರ್ಮ ಸುತ್ತಿಕೊಂಡು ಅಪ್ಪನ ಹತ್ತಿರ ಹೋಗುತ್ತಾನಲ್ಲ, ಅದೇ ಕಲ್ಪನೆಯ ಕೆಲಸ. ಮುಟ್ಟಿದರೆ ನಿಜ ಅನ್ನಿಸುವಷ್ಟು ಆಸೆಗೆ ಮೈ ಕೊಡಬೇಕಂತೆ. ಕೇಳಿ ಮೈ ಜುಮ್ಮೆಂದಿತು. ಅಮ್ಮನಿಗೆ ಹೇಳಿದೆ. ದಿನಾ ಸತ್ಯವೇದ ಓದುವವರು ಅವರು. 'ದೇವರ ವಾಕ್ಯವನ್ನು ಬೇಕಾದ ಹಾಗೆ ತಿರುಚಬೇಡ' ಅಂದರು. ಹೀಗೆ ಓದುವುದು ತಪ್ಪಾ?

ಉತ್ತರ 1:
ತಪ್ಪೇನಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದು ನೋಡಿ. ಅಬ್ರಹಾಮನಿಗೆ ಮಕ್ಕಳನ್ನು ಹೆತ್ತ ಇಬ್ಬರು ಹೆಂಗಸರು ದೇವರು ಜನರ ಜೊತೆ ಮಾಡಿಕೊಂಡ ಎರಡು ಒಡಂಬಡಿಕೆಗಳ ಸಂಕೇತ ಅಂತ ಆ ಪತ್ರ ಬರೆದ ಅಪೊಸ್ತಲ ಪೌಲನೇ ಹೇಳಿದ್ದಾನೆ.

ಉತ್ತರ 2:
ಹಾಗಂತ ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಯೇಸುವಿನ ಕಾಲದಲ್ಲೇ ಅಲೆಕ್ಸಾಂಡ್ರಿಯದಲ್ಲಿ ಫೈಲೋ ಅನ್ನುವ ಯೆಹೂದಿ ಚಿಂತಕ ಇದ್ದ. ಅವನಿಗೆ ಅಬ್ರಹಾಮನ ಹೆಂಡತಿ ಸಾರಳು ಅಂದರೆ ಸದ್ಗುಣ. ಅವಳ ದಾಸಿ ಹಾಗರಳು ಅದಕ್ಕೆ ಮುಂಚೆ ಕಲಿಯಬೇಕಾದ ವ್ಯಾಕರಣ, ಸಂಗೀತ, ರೇಖಾಗಣಿತ. ಅಂಥವನೇ, ಒಳ ಅರ್ಥ ಗೊತ್ತಾಯಿತು ಅಂತ ಸಬ್ಬತ್ತು (ವಾರದ ವಿಶ್ರಾಂತಿ ದಿನ), ಸುನ್ನತಿಗಳನ್ನು ಬಿಟ್ಟುಬಿಡುವವರ ಮೇಲೆ ಬೇಸರಪಡುತ್ತಾನೆ. ಅಕ್ಷರ ದೇಹದ ಹಾಗೆ, ಒಳ ಅರ್ಥ ಆತ್ಮದ ಹಾಗೆ, ಆತ್ಮ ಇರುವ ಮನೆಯನ್ನೂ ನೋಡಿಕೊಳ್ಳಬೇಕು ಅನ್ನುತ್ತಾನೆ.

ನೆವಿಲ್ ಓದಿನಲ್ಲಿ ನನಗೆ ಸಾಲದು ಅನ್ನಿಸುವುದು ಇಲ್ಲೇ. ಯಾಕೋಬನಿಗೆ ಆಶೀರ್ವಾದ ಸಿಕ್ಕ ಮೇಲೂ ಅಧ್ಯಾಯ ಮುಗಿಯುವುದಿಲ್ಲ. ಏಸಾವ ಬೇಟೆಯಿಂದ ಬಂದು, ಅಡುಗೆ ಮಾಡಿ ಅಪ್ಪನ ಮುಂದೆ ತಂದಿಡುತ್ತಾನೆ. ಇಸಾಕ ಗಡಗಡ ನಡುಗುತ್ತಾನೆ. ನಿನ್ನ ಹತ್ತಿರ ಇದ್ದದ್ದು ಒಂದೇ ಆಶೀರ್ವಾದವಾ ಅಪ್ಪಾ ಅಂತ ಏಸಾವ ಗಟ್ಟಿಯಾಗಿ ಅಳುತ್ತಾನೆ. ಯಾಕೋಬ ಮನೆ ಬಿಟ್ಟು ಓಡಬೇಕಾಗುತ್ತದೆ. ಸೋದರಮಾವ ಲಾಬಾನನ ಮನೆಯಲ್ಲಿ ಅವನಿಗೂ ಅದೇ ಮೋಸ. ಮದುವೆಯ ರಾತ್ರಿ ಬಂದವಳು ತಾನು ಪ್ರೀತಿಸಿದ ರಾಹೇಲಳು ಅಂದುಕೊಂಡಿರುತ್ತಾನೆ, ಬೆಳಗ್ಗೆ ನೋಡಿದರೆ ಅವಳ ಅಕ್ಕ ಲೇಯಳು. ಆಸೆ ಕೈಗೂಡಿತು ಅನ್ನುವಲ್ಲೇ ನಿಲ್ಲಿಸಿದರೆ ಇದೆಲ್ಲಾ ಬಿಟ್ಟುಹೋಗುತ್ತದೆ. ಒಳಗಿನ ಕಥೆ ಅಂತಲೇ ಓದಿ. ಆಗ ಆ ಅಳುವವನೂ ನಿಮ್ಮೊಳಗಿನವನೇ ಅಲ್ವಾ?

ಪ್ರಶ್ನೆ ಕೇಳಿದವರು:
ಏಸಾವನ ಅಳು ನಾನು ಕೇಳಿದ ಉಪನ್ಯಾಸದಲ್ಲಿ ಬರಲೇ ಇಲ್ಲ. 33ನೇ ಅಧ್ಯಾಯದಲ್ಲಿ ಅವನೇ ಓಡಿಬಂದು ತಮ್ಮನನ್ನು ತಬ್ಬಿಕೊಳ್ಳುತ್ತಾನೆ. ಏಸಾವ ಹೊರಗಿನ ಲೋಕ ಅನ್ನುವುದಾದರೆ ಆ ಜಾಗವನ್ನು ಹೇಗೆ ಓದುತ್ತೀರಿ? ದಯವಿಟ್ಟು ಬರೆಯಿರಿ.